ತಂಗಿ ಊಟಕ್ಕೆ ಹೆದರುತ್ತಾಳೆ. ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಗೆ ಹೇಳಲಿ?

ದಾವಣಗೆರೆಯ ಅಕ್ಕ (ಭಾನುವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಬಹಳ ದಿನ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ತಂಗಿಗೆ ಹತ್ತೊಂಬತ್ತು ವರ್ಷ. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಯುಗಾದಿಗೆ ಊರಿಗೆ ಬಂದಾಗ ಬಸ್ ನಿಲ್ದಾಣದಲ್ಲಿ ಅವಳು ನನ್ನ ಮುಂದೆಯೇ ನಿಂತಿದ್ದರೂ ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು. ದಾವಣಗೆರೆಯ ಆ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡಿದ್ದಳು. ಹಬ್ಬದ ದಿನ ಹೂರಣ ರುಬ್ಬಿ, ಕಣಕ ಕಲಸಿ, ಐವತ್ತು ಹೋಳಿಗೆ ಅವಳೇ ತಟ್ಟಿದಳು. ಎಲ್ಲರಿಗೂ ತುಪ್ಪ ಹಾಕಿ ಬಡಿಸಿದಳು. ತಾನು ಮಾತ್ರ "ಆಮೇಲೆ ತಿನ್ನುತ್ತೇನೆ" ಎಂದಳು. ಆ "ಆಮೇಲೆ" ಬರಲೇ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಮೊಬೈಲಿನಲ್ಲಿ ಅಡುಗೆಯ ವಿಡಿಯೊ ನೋಡುತ್ತಾ ಕುಳಿತಿದ್ದಳು. ಬಚ್ಚಲಿನ ಜಾಲರಿಯ ತುಂಬ ಅವಳ ಕೂದಲು.

ಅಮ್ಮ ಇದನ್ನು ಹಠ ಎನ್ನುತ್ತಾರೆ. ಅಜ್ಜಿ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕಳೆದ ವರ್ಷ ಮುಟ್ಟು ಏರುಪೇರಾಗಿದ್ದಾಗ ಒಬ್ಬ ವೈದ್ಯರು ಪಿಸಿಒಡಿ (ಅಂಡಾಶಯದ ತೊಂದರೆ) ಎಂದು ಹೇಳಿ "ತೂಕ ಇಳಿಸಮ್ಮ" ಎಂದಿದ್ದರು. ಈಗ ಮುಟ್ಟು ಪೂರ್ತಿ ನಿಂತಿದೆ. ಇನ್ನೊಬ್ಬರು ಗ್ಯಾಸ್ಟ್ರಿಕ್ ಎಂದು ಹಸಿವು ಹೆಚ್ಚಿಸುವ ಟಾನಿಕ್ ಬರೆದುಕೊಟ್ಟಿದ್ದಾರೆ. ಅತ್ತೆಯಂತೂ ಬಂದವರೇ "ಈಗ ನೋಡು ಎಷ್ಟು ಚೆನ್ನಾಗಿ ಕಾಣುತ್ತೀಯ, ಹೀಗೇ ಇರು" ಎಂದರು.

ನಾನು ಇಂಗ್ಲಿಷಿನಲ್ಲಿ ಹುಡುಕಿ ಓದಿದೆ. ಅನೋರೆಕ್ಸಿಯಾದ ಲಕ್ಷಣಗಳ ಪಟ್ಟಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೊಂದುತ್ತವೆ. ಆದರೆ ಅಮ್ಮನಿಗೆ ಹೇಳಲು ಹೋದಾಗ ಮಾತೇ ಸಿಗಲಿಲ್ಲ. "ಅನೋರೆಕ್ಸಿಯಾ" ಎಂದಾಗ "ಅದೇನು ಜ್ವರವೇ, ಮಾತ್ರೆ ಇದೆಯೇ?" ಎಂದರು. "ತಿನ್ನುವ ಕಾಯಿಲೆ" ಎಂದಾಗ "ಅವಳು ತಿನ್ನುವುದೇ ಇಲ್ಲವಲ್ಲ" ಎಂದರು. ಅವರ ತಪ್ಪಲ್ಲ. ಇದನ್ನು ನಿಮ್ಮ ಮನೆಗಳಲ್ಲಿ ಯಾರಾದರೂ ಕನ್ನಡದಲ್ಲಿ ಹೇಳಿದ್ದೀರಾ? ಯಾವ ಮಾತಿನಲ್ಲಿ ಹೇಳಿದಿರಿ?

ಪದಪ್ರೀತ, ಸಾಗರ

ಅಕ್ಕ, ಮೊದಲು ಒಳ್ಳೆಯ ಮನೋವೈದ್ಯರನ್ನು ಕಾಣಿ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ. ನಾನು ಕನ್ನಡ ಮೇಷ್ಟ್ರು, ಮಾತಿನ ವಿಷಯವನ್ನಷ್ಟೇ ಹೇಳುತ್ತೇನೆ.

ಪತ್ರಿಕೆಗಳಲ್ಲಿ "ಆಹಾರ ಸೇವನೆಯ ಅಸ್ವಸ್ಥತೆ" ಎಂದು ಬರೆಯುತ್ತಾರೆ. ಅಡುಗೆಮನೆಯಲ್ಲಿ ನಿಂತ ತಾಯಿಗೆ ಆ ಮಾತಿನಿಂದ ಏನೂ ತಿಳಿಯುವುದಿಲ್ಲ. "ತಿನ್ನುವ ರೋಗ" ಎಂದರೆ ನಮ್ಮ ಕಿವಿಗೆ ಹೊಟ್ಟೆಬಾಕತನ ಎಂದೇ ಕೇಳಿಸುತ್ತದೆ. ಹಳೆಯ ಮಾತುಗಳಲ್ಲಿ ಅರುಚಿ, ಅಗ್ನಿಮಾಂದ್ಯ ಇವೆ. ಚರಕ ಸಂಹಿತೆಯಲ್ಲಿ ಅರೋಚಕ ಎಂಬುದಿದೆ, ಅದಕ್ಕೆ ಶೋಕ, ಭಯ, ಕ್ರೋಧಗಳೂ ಕಾರಣ ಎಂದು ಹೇಳಿದ್ದಾರೆ. ಮನಸ್ಸಿಗೂ ಊಟಕ್ಕೂ ನಂಟಿದೆ ಎಂಬುದು ನಮಗೆ ಹೊಸದಲ್ಲ. ಆದರೆ ಅದು ಊಟ ರುಚಿಸದಿರುವ ಸ್ಥಿತಿ. ನಿಮ್ಮ ತಂಗಿಗೆ ಹಸಿವಿದೆ, ರುಚಿಯೂ ಗೊತ್ತಿದೆ, ಇಲ್ಲದಿದ್ದರೆ ಐವತ್ತು ಹೋಳಿಗೆ ತಟ್ಟುತ್ತಿರಲಿಲ್ಲ. ಗ್ರೀಕಿನ "ಅನೋರೆಕ್ಸಿಯಾ" ಎಂಬ ಹೆಸರಿನಲ್ಲೂ ಇದೇ ತೊಡಕಿದೆ. ಅದರ ಅರ್ಥ "ಹಸಿವಿಲ್ಲದಿರುವುದು" ಎಂದು.

ನೀವು ಶೀರ್ಷಿಕೆಯಲ್ಲಿ ಬರೆದ "ಊಟಕ್ಕೆ ಹೆದರುತ್ತಾಳೆ" ಎಂಬುದೇ ನನಗೆ ಸರಿಯಾಗಿ ಕಾಣುತ್ತದೆ. ಅನ್ನದ ಅಂಜಿಕೆ.

ಹಳೇಬೇರು

ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಆರು ಮಕ್ಕಳು. ಒಂದು ಮುದ್ದೆ ಹೆಚ್ಚಿಗೆ ಸಿಕ್ಕರೆ ಹಬ್ಬ. ಆಗ ಈ ಕಾಯಿಲೆ ಯಾರಿಗೂ ಇರಲಿಲ್ಲ. ಹೊಟ್ಟೆ ತುಂಬಿದವರ ಮನೆಯಲ್ಲಿ, ಮೊಬೈಲ್ ಕೈಗೆ ಬಂದ ಮೇಲೆ ಹುಟ್ಟಿದ ರೋಗ ಇದು. ವಿದೇಶದಿಂದ ಬಂದದ್ದು. ಫೋನ್ ಕಿತ್ತುಕೊಂಡು ಎರಡು ತಿಂಗಳು ಮನೆಯಲ್ಲಿ ಕೂರಿಸಿ, ಎಲ್ಲ ಸರಿಹೋಗುತ್ತದೆ.

ನೀಲಿ ಕೊಡೆ

ನಿಮ್ಮ ಆರು ಜನರಲ್ಲಿ ಯಾರಿಗೂ ಇರಲಿಲ್ಲ ಎಂದು ಯಾರು ನೋಡಿದ್ದರು, ಹಿರಿಯರೇ?

ಮಂಗಳೂರು ವಾರ್ಡಿನಿಂದ

ಮನೋವೈದ್ಯಕೀಯ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಹಳೇಬೇರು ಅವರೇ, ನಿಮ್ಮ ಮಾತನ್ನು ವಾರ್ಡಿನ ಬಾಗಿಲಲ್ಲಿ ಪ್ರತಿ ತಿಂಗಳೂ ಕೇಳುತ್ತೇನೆ. ಆದ್ದರಿಂದ ತಾಳ್ಮೆಯಿಂದಲೇ ಉತ್ತರಿಸುತ್ತೇನೆ.

ಮೊಬೈಲಿನಿಂದ ಹುಟ್ಟಿದ ರೋಗ ಇದಲ್ಲ. 1873ರಲ್ಲೇ ಪ್ಯಾರಿಸ್ಸಿನ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಇದೇ ಕಾಯಿಲೆಯನ್ನು ಬಣ್ಣಿಸಿದ್ದರು. ಮೊಬೈಲ್ ಉರಿಯುವ ಒಲೆಗೆ ಸೌದೆ ಹಾಕುತ್ತದೆ, ಅದನ್ನು ಒಪ್ಪುತ್ತೇನೆ.

ವಿದೇಶದ್ದು ಎಂಬುದಕ್ಕೂ ಉತ್ತರವಿದೆ. ಪಾಶ್ಚಾತ್ಯ ಪುಸ್ತಕಗಳಲ್ಲಿ "ದಪ್ಪಗಾಗುವ ಭಯ" ಎಂಬುದೇ ಈ ಕಾಯಿಲೆಯ ಮುಖ್ಯ ಗುರುತು. 1990ರ ದಶಕದಲ್ಲಿ ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ಅವರು ತಮ್ಮ ರೋಗಿಗಳಲ್ಲಿ ಅನೇಕರಿಗೆ ಆ ಭಯವೇ ಇಲ್ಲ, "ಹೊಟ್ಟೆ ಉಬ್ಬರಿಸುತ್ತದೆ, ಸೇರುವುದಿಲ್ಲ" ಎಂದಷ್ಟೇ ಹೇಳಿ ಊಟ ಬಿಡುತ್ತಾರೆ ಎಂದು ತೋರಿಸಿದರು. 1995ರಲ್ಲಿ ದೆಹಲಿಯ ವೈದ್ಯರು ವರದಿ ಮಾಡಿದ ಯುವತಿಯರಲ್ಲೂ ಹೆಚ್ಚುಕಡಿಮೆ ಇದೇ ಚಿತ್ರ. ನಮ್ಮ ವಾರ್ಡಿಗೆ ಬರುವವರೂ ಹೊಟ್ಟೆಯ ಭಾಷೆಯಲ್ಲೇ ಮಾತಾಡುತ್ತಾರೆ: "ಗ್ಯಾಸ್", "ಎದೆಯುರಿ", "ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ". ಮೂರು ಸಲ ಎಂಡೋಸ್ಕೋಪಿ ಮಾಡಿಸಿಕೊಂಡು, ಎಲ್ಲವೂ ಸರಿಯಿದೆ ಎಂದು ತಿಳಿದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಅಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ.

ಇನ್ನು ಸಿರಿವಂತರ ಕಾಯಿಲೆ ಎಂಬ ಮಾತು. ನಾನು ನೋಡಿಕೊಂಡವರಲ್ಲಿ ಬೀಡಿ ಕಟ್ಟುವವರ ಮಗಳಿದ್ದಳು, ಮೀನು ಮಾರುವವರ ಮಗಳಿದ್ದಳು.

ದಾವಣಗೆರೆಯ ಅಕ್ಕ, ನಿಮಗೆ ತುರ್ತಾಗಿ ಎರಡು ಮಾತು. ತಲೆಸುತ್ತು, ಎಚ್ಚರ ತಪ್ಪುವುದು, ಎದೆ ಬಡಿತದ ಏರುಪೇರು, ಕಾಲು ಬಾವು ಕಂಡರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಾಡಿಬಡಿತ, ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್ ನೋಡಬೇಕೆಂದು ನೀವೇ ಕೇಳಿ. ರಕ್ತಪರೀಕ್ಷೆ ಸರಿಯಾಗಿ ಬಂದರೂ ಅಪಾಯವಿಲ್ಲ ಎಂದಲ್ಲ. ಎರಡನೆಯದು, ಪ್ರೀತಿಯಿಂದಲೇ ಆದರೂ ಒಂದೇ ದಿನ ಗಟ್ಟಿಯಾಗಿ ಉಣ್ಣಿಸಲು ಹೋಗಬೇಡಿ. ಬಹುದಿನ ಬರಿದಾಗಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಊಟ ಹೋದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಪೆಟ್ಟು ಬೀಳಬಹುದು. ಎಷ್ಟರಿಂದ ಶುರು ಮಾಡಬೇಕು ಎಂಬುದನ್ನು ವೈದ್ಯರೇ ಹೇಳಬೇಕು.

ಹಳೇಬೇರು

ಬೀಡಿ ಕಟ್ಟುವವರ ಮಗಳು ಎಂದಿರಿ, ಅದು ಮನಸ್ಸಿಗೆ ನಾಟಿತು. ಆದರೂ ಒಂದು ಪ್ರಶ್ನೆ. ಹಸಿವಿದ್ದೂ ಉಣ್ಣುವುದಿಲ್ಲ ಎಂದರೆ ಅದು ಹಠವಲ್ಲದೆ ಇನ್ನೇನು?

ನೀಲಿ ಕೊಡೆ

ಹಠ ಮಾಡುವವರು ಬೇಕಾದ್ದು ಸಿಕ್ಕ ಮೇಲೆ ಬಿಡುತ್ತಾರೆ. ಇವಳಿಗೆ ಏನು ಕೊಟ್ಟರೆ ಬಿಡುತ್ತಾಳೆ, ಹೇಳಿ?

ಕತ್ತಲಕೋಣೆ

ಮನಶ್ಶಾಸ್ತ್ರದ ವಿದ್ಯಾರ್ಥಿ ನಾನು. ಹೋಳಿಗೆ ತಟ್ಟುವುದು, ಅಡುಗೆ ವಿಡಿಯೊ ನೋಡುವುದು, ಇದರ ಬಗ್ಗೆ ಒಂದು ಮಾತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಗಟ್ಟಿಮುಟ್ಟಾದ 36 ಯುವಕರು ತಾವಾಗಿ ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಾರಿಗೂ ಮೊದಲು ಊಟದ ತೊಂದರೆ ಇರಲಿಲ್ಲ. ಹೊಟ್ಟೆ ಬರಿದಾದಂತೆ ಅವರ ತಲೆಯ ತುಂಬ ಊಟವೇ ತುಂಬಿಕೊಂಡಿತು. ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕುಳಿತರು, ಗೆಳೆಯರಿಂದ ದೂರ ಸರಿದರು, ಸಿಡುಕರಾದರು, ಚಳಿ ತಡೆಯಲಾರದಾದರು.

ಅಂದರೆ ತಂಗಿಯ ಆ ಸ್ವೆಟರ್, ಆ ವಿಡಿಯೊಗಳು, ಇವುಗಳಲ್ಲಿ ಬಹುಪಾಲು ಅವಳ ಸ್ವಭಾವದಿಂದ ಬಂದದ್ದಲ್ಲ, ಬರಿಹೊಟ್ಟೆಯಿಂದ ಬಂದದ್ದು. ಹಳೇಬೇರು ಅವರ ಪ್ರಶ್ನೆಗೆ ನನ್ನ ಉತ್ತರ ಇದು. ಮೊದಲ ದಿನ ಊಟ ಬಿಟ್ಟದ್ದು ಅವಳ ನಿರ್ಧಾರ ಇರಬಹುದು, ಇನ್ನೂರನೇ ದಿನ ಬಿಡುವುದು ಅವಳ ಕೈಯಲ್ಲಿಲ್ಲ.

ದಾವಣಗೆರೆಯ ಅಕ್ಕ

ಇದನ್ನು ಓದಿ ಅಳು ಬಂತು. "ಎಷ್ಟು ಬದಲಾಗಿದ್ದೀಯ ನೀನು" ಎಂದು ನಾನು ಅವಳ ಮೇಲೆ ರೇಗಿದ್ದೆ.

ಧಾರವಾಡದ ಗರಡಿ

ಗಂಡಸರ ಮಾತೂ ಬರಲಿ. ನಾನು ಕಾಲೇಜಿನ ದಿನಗಳಲ್ಲಿ ಕುಸ್ತಿ ಆಡುತ್ತಿದ್ದೆ. ತೂಕದ ವರ್ಗಕ್ಕೆ ಇಳಿಯಲು ಪಂದ್ಯದ ಹಿಂದಿನ ಎರಡು ದಿನ ಏನೇನು ಮಾಡುತ್ತಿದ್ದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಯಾರಾದರೂ ಕಲಿತಾರು. ಪಂದ್ಯ ಮುಗಿದ ರಾತ್ರಿ ಖಾನಾವಳಿಗೆ ಹೋಗಿ ಎಷ್ಟು ರೊಟ್ಟಿ ಒಳಗೆ ಹೋಯಿತೆಂದು ಲೆಕ್ಕವಿಡದೆ ತಿನ್ನುತ್ತಿದ್ದೆ. ಕುಸ್ತಿ ಬಿಟ್ಟ ಮೇಲೂ ಅದು ಬಿಡಲಿಲ್ಲ. ಕದ್ದು ತಿನ್ನುವುದು, ಆಮೇಲೆ ಬಚ್ಚಲಿಗೆ ಹೋಗಿ ಹೊರಹಾಕುವುದು. ಒಂಬತ್ತು ವರ್ಷ. ಮೈ ನೋಡಿದರೆ ಪೈಲ್ವಾನ, ಯಾರಿಗೂ ಅನುಮಾನ ಬರಲಿಲ್ಲ. ಕಂಡುಹಿಡಿದವರು ಹಲ್ಲಿನ ವೈದ್ಯರು. ಹಲ್ಲಿನ ಒಳಬದಿಯ ಪದರ ಸವೆದದ್ದನ್ನು ನೋಡಿ ಬಾಗಿಲು ಹಾಕಿ, "ನಿಮಗೆ ಮೇಲಿಂದ ಮೇಲೆ ವಾಂತಿಯಾಗುತ್ತದೆಯೇ?" ಎಂದು ಮೆಲ್ಲಗೆ ಕೇಳಿದರು. ಒಂಬತ್ತು ವರ್ಷದಲ್ಲಿ ಕೇಳಿದ ಮೊದಲ ಮನುಷ್ಯ ಅವರು.

ಅದರ ಹೆಸರು ಬುಲಿಮಿಯಾ ಎಂದು ಆಮೇಲೆ ಗೊತ್ತಾಯಿತು. ಗಂಡಸರಿಗೂ ಬರುತ್ತದೆ ಎಂಬುದೂ ಆಗಲೇ ಗೊತ್ತಾದದ್ದು. ಪದಪ್ರೀತ ಸರ್, "ಅನ್ನದ ಅಂಜಿಕೆ" ನನ್ನ ಕಥೆಗೆ ಹೊಂದುವುದಿಲ್ಲ. ನನಗೆ ಅನ್ನದ ಅಂಜಿಕೆಯೂ ಇತ್ತು, ಅನ್ನದ ಹುಚ್ಚೂ ಇತ್ತು.

ಪದಪ್ರೀತ, ಸಾಗರ

ಒಪ್ಪಿದೆ. ಒಂದೇ ಮಾತಿನಲ್ಲಿ ಎಲ್ಲವನ್ನೂ ಹಿಡಿಯಲು ಹೋದದ್ದು ನನ್ನ ಅವಸರ. ಬುಲಿಮಿಯಾಕ್ಕೆ "ಗೀಳು" ಹತ್ತಿರವಾಗಬಹುದೇ? ಖಿನ್ನತೆ, ಗೀಳು, ಆಪ್ತಸಮಾಲೋಚನೆ ಎಂಬ ಮಾತುಗಳು ಇಂದು ಹಳ್ಳಿಗಳಲ್ಲೂ ನಡೆಯುತ್ತವೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರಂಥ ವೈದ್ಯರು ದಶಕಗಳ ಕಾಲ ಕನ್ನಡದಲ್ಲಿ ಬರೆದುದರ ಫಲ ಅದು. ಊಟದ ಕಾಯಿಲೆಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಮಂಗಳೂರು ವಾರ್ಡಿನಿಂದ

ಗೀಳು ಎಂದರೆ ಒಸಿಡಿ ಎಂಬ ಬೇರೆ ಮನೋರೋಗದೊಂದಿಗೆ ಬೆರೆತುಹೋಗುತ್ತದೆ, ಬೇಡ. ಗರಡಿ ಅಣ್ಣ, ನೀವು ಬರೆದದ್ದಕ್ಕೆ ನಮಸ್ಕಾರ. ಹಲ್ಲಿನ ವೈದ್ಯರು ಕಂಡುಹಿಡಿಯುವುದು ನೀವು ತಿಳಿದದ್ದಕ್ಕಿಂತ ಸಾಮಾನ್ಯ. ಬುಲಿಮಿಯಾ ನರ್ವೋಸಾ ಎಂಬ ಹೆಸರನ್ನು ಲಂಡನ್ನಿನ ಜೆರಾಲ್ಡ್ ರಸೆಲ್ ಅವರು ಕೊಟ್ಟದ್ದೇ 1979ರಲ್ಲಿ. ಅದರಲ್ಲಿ ತೂಕ ಸಾಮಾನ್ಯವಾಗಿಯೇ ಇರಬಹುದು, ಪೊಟ್ಯಾಸಿಯಂ ಮಾತ್ರ ಸದ್ದಿಲ್ಲದೆ ಇಳಿದಿರುತ್ತದೆ.

ಮಂಡ್ಯದ ಸೊಸೆ

ನನ್ನದು ಇನ್ನೊಂದು ತುದಿ. ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಉಪ್ಪಿಟ್ಟು ಕೇಸರಿಬಾತು ತಿಂದು, ಕೈ ತೊಳೆದು, "ಹುಡುಗಿ ಸ್ವಲ್ಪ ದಪ್ಪ" ಎಂದು ಹೇಳಿ ಕಳಿಸಿದರು. ಎರಡನೆಯವರೂ ಹಾಗೇ. ಅಮ್ಮ ಅನ್ನ ನಿಲ್ಲಿಸಿ ಚಪಾತಿ ಕೊಟ್ಟರು, ಆಮೇಲೆ ಚಪಾತಿಯೂ ಒಂದೇ ಆಯಿತು. ಹಗಲೆಲ್ಲ ಎಲ್ಲರ ಮುಂದೆ ಎಣಿಸಿ ತಿನ್ನುವುದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ಪಾತ್ರೆಯಿಂದಲೇ ತಣ್ಣನೆಯ ಅನ್ನ, ಡಬ್ಬಿಯ ಕೋಡುಬಳೆ, ಸಕ್ಕರೆ, ಸಿಕ್ಕಿದ್ದೆಲ್ಲ. ರುಚಿ ತಿಳಿಯುತ್ತಿರಲಿಲ್ಲ. ಹೊಟ್ಟೆ ನೋವು ಬಂದ ಮೇಲೆ ನಿಲ್ಲುತ್ತಿತ್ತು. ಬೆಳಿಗ್ಗೆ ಅಮ್ಮ "ಬೆಕ್ಕು ಬಂದಿತ್ತೇನೋ" ಎನ್ನುತ್ತಿದ್ದರು. ಅವರಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಮದುವೆಯಾಗಿ ಹನ್ನೆರಡು ವರ್ಷವಾದರೂ ನಾನು ಬೇರೆಯವರ ಮುಂದೆ ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ. ಇದು ಕಾಯಿಲೆಯೋ ಅಥವಾ ನಾಲಿಗೆಯ ಮೇಲೆ ಹತೋಟಿ ಇಲ್ಲದ್ದೋ ಎಂದು ಇಂದಿಗೂ ಗೊತ್ತಿಲ್ಲ.

ಕತ್ತಲಕೋಣೆ

ಅಕ್ಕ, ಇದಕ್ಕೂ ಹೆಸರಿದೆ. ಬಿಂಜ್ ಈಟಿಂಗ್ ಡಿಸಾರ್ಡರ್. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಕೊಟ್ಟದ್ದು 2013ರಲ್ಲಿ, ಅಂದರೆ ತೀರ ಈಚೆಗೆ. ನಿಮಗೆ ಅದೇ ಇದೆ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ಹಗಲಿನ ಆ ಅರೆಹೊಟ್ಟೆಯೇ ರಾತ್ರಿಯ ಆ ಊಟವನ್ನು ಎಳೆದು ತಂದಿತು ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಹತೋಟಿಯ ಕೊರತೆ ಅಲ್ಲ ಅದು.

ಸಿರಿಧಾನ್ಯ ಸೇವಕ

ಎಲ್ಲಕ್ಕೂ ಮೂಲ ಬಿಳಿ ಅಕ್ಕಿ ಮತ್ತು ಸಕ್ಕರೆ. ನವಣೆ, ಸಾಮೆ, ಆರ್ಕ ತಿನ್ನಿ, ದಿನಕ್ಕೆ ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಡಿ. ದೇಹ ತಾನೇ ಶುದ್ಧವಾಗುತ್ತದೆ. ಹಿರಿಯರು ಸುಮ್ಮನೆ ಹೇಳಲಿಲ್ಲ, ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ. ನಾನು ಮೂರು ತಿಂಗಳಲ್ಲಿ [ನಿರ್ವಾಹಕರು ಅಳಿಸಿದ್ದಾರೆ] ಕಿಲೊ ಇಳಿಸಿದೆ.

ಮಂಡ್ಯದ ಸೊಸೆ

ನವಣೆ ನಾನೂ ತಿನ್ನುತ್ತೇನೆ, ಚೆನ್ನಾಗಿರುತ್ತದೆ. ಆದರೆ ಮೂಳೆ ಕಾಣುವ ಹುಡುಗಿಯ ಅಕ್ಕ ಸಹಾಯ ಕೇಳಿದ ಜಾಗದಲ್ಲಿ ಹೊಟ್ಟೆ ಖಾಲಿ ಬಿಡಲು ಹೇಳುತ್ತಿದ್ದೀರಲ್ಲ, ಒಮ್ಮೆ ಮೇಲಿನಿಂದ ಓದಿ.

ನಿರ್ವಾಹಕ

ಎಲ್ಲರ ಗಮನಕ್ಕೆ: ಈ ಎಳೆಯಲ್ಲಿ ಯಾರೂ ಕಿಲೊ, ಕ್ಯಾಲೊರಿ, ಸೊಂಟದ ಅಳತೆ ಬರೆಯಬೇಡಿ. ಏನು ಮಾಡಿ ತೂಕ ಇಳಿಸಿದಿರಿ ಎಂಬುದನ್ನೂ ಬರೆಯಬೇಡಿ. ಈ ಕಾಯಿಲೆ ಇರುವವರು ಆ ಅಂಕಿಗಳನ್ನು ಪಂದ್ಯದ ಗುರಿಯಂತೆ ಓದುತ್ತಾರೆ. ಗರಡಿ ಅವರು ತಾವಾಗಿಯೇ ಬರೆಯದೆ ಬಿಟ್ಟದ್ದು ಮಾದರಿ. ಸಿರಿಧಾನ್ಯದ ಚರ್ಚೆಗೆ ಬೇರೆ ಎಳೆ ಇದೆ.

ಆ ಗಾದೆಯ ಬಗ್ಗೆ ಬೇಕಾದರೆ ಮಾತಾಡಿ, ನನಗೂ ಕುತೂಹಲವಿದೆ.

ಉಡುಪಿ ರಥಬೀದಿ

ಹಾಗಾದರೆ ಕೇಳಿಯೇಬಿಡುತ್ತೇನೆ. ನಮ್ಮ ಮನೆಯಲ್ಲಿ ಏಕಾದಶಿಗೆ ತೊಟ್ಟು ನೀರನ್ನೂ ಮುಟ್ಟದವರಿದ್ದಾರೆ. ಅಜ್ಜಿ ಎಂಬತ್ತು ದಾಟಿಯೂ ಬಿಡಲಿಲ್ಲ. ನಾಳೆ ಇದನ್ನೂ ಕಾಯಿಲೆ ಎನ್ನುತ್ತೀರಾ? "ಲಂಘನಂ ಪರಮೌಷಧಂ" ಎಂದು ಕೇಳಿ ಬೆಳೆದ ನಾಡಿನಲ್ಲಿ ಊಟ ಬಿಡುವುದನ್ನೆಲ್ಲ ರೋಗ ಎಂದರೆ ಹೇಗೆ?

ಮೂಡುಬಿದಿರೆ

ನಾವು ಜೈನರು. ನಮ್ಮಲ್ಲಿ ಉಪವಾಸವಷ್ಟೇ ಅಲ್ಲ, ಆಹಾರವನ್ನು ಕ್ರಮೇಣ ಬಿಟ್ಟು ಸಾವನ್ನು ಸ್ವೀಕರಿಸುವ ಸಲ್ಲೇಖನವೂ ಇದೆ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಆ ಶಾಸನಗಳನ್ನು ಯಾರೂ ಓದಬಹುದು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಎಂದಾಗ ನಮಗೆಲ್ಲ ಬಹಳ ನೋವಾಯಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆದ್ದರಿಂದ ಉಡುಪಿಯವರ ಆತಂಕ ನನಗೆ ಅರ್ಥವಾಗುತ್ತದೆ.

ಆದರೆ ನನ್ನ ಸೋದರ ಸೊಸೆ ವ್ರತದ ಹೆಸರಿನಲ್ಲೇ ಊಟ ಬಿಡುತ್ತಾ ಬಂದಳು. ಮೊದಲು ಅಷ್ಟಮಿ ಚತುರ್ದಶಿ, ಆಮೇಲೆ ವಾರಕ್ಕೆ ಮೂರು ದಿನ, ಆಮೇಲೆ ಉಪವಾಸ ಇಲ್ಲದ ದಿನವೂ ಹಣ್ಣೊಂದೇ. ಮನೆಯವರು ಹೆಮ್ಮೆಪಟ್ಟರು, ನಾನೂ ಪಟ್ಟೆ. ಕೊನೆಗೆ ತಡೆದವರು ಒಬ್ಬ ಮಾತಾಜಿ. "ಮಗೂ, ವ್ರತಕ್ಕೆ ಸಂಕಲ್ಪವಿದೆ, ಅವಧಿ ಇದೆ, ಪಾರಣೆ ಇದೆ. ನಿನ್ನದಕ್ಕೆ ಪಾರಣೆ ಎಲ್ಲಿ?" ಎಂದು ಕೇಳಿದರು. ಅವಳಿಗೆ ಉತ್ತರಿಸಲಾಗಲಿಲ್ಲ. ಪಾರಣೆಯ ದಿನ ತಟ್ಟೆ ಮುಂದಿಟ್ಟರೆ ಅವಳ ಕೈ ನಡುಗುತ್ತಿತ್ತು.

ಉಡುಪಿ ರಥಬೀದಿ

ದ್ವಾದಶಿಯ ದಿನ ಬೆಳಗಾಗುವುದಕ್ಕೆ ಮೊದಲೇ ಅಜ್ಜಿ ಎದ್ದು ಪಾರಣೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ಸಿದ್ಧಮಾಡುತ್ತಿದ್ದರು. ಎಷ್ಟು ಸಂತೋಷದಿಂದ ಊಟ ಮಾಡುತ್ತಿದ್ದರು ಎಂಬುದು ಈಗ ಕಣ್ಣಿಗೆ ಕಟ್ಟುತ್ತಿದೆ. ನನ್ನ ಆಕ್ಷೇಪ ಹಿಂದಕ್ಕೆ ತೆಗೆದುಕೊಂಡೆ. ವ್ಯತ್ಯಾಸ ಅಲ್ಲೇ ಇದೆ.

ಹಳೇಬೇರು

ನಿನ್ನೆಯಿಂದ ಈ ಎಳೆಯನ್ನು ಎರಡು ಸಲ ಓದಿದೆ. ನಮ್ಮ ದೊಡ್ಡಕ್ಕ ನೆನಪಾದಳು. ಅವಳ ಗಂಡನ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣಬೇಕು. ಉಳಿದರೆ ಊಟ. ಕೆಲವು ವರ್ಷಗಳ ಮೇಲೆ ಉಳಿದರೂ ಉಣ್ಣುವುದನ್ನು ಬಿಟ್ಟಳು. "ನನಗೆ ಸೇರುವುದಿಲ್ಲ" ಎನ್ನುತ್ತಿದ್ದಳು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಮೂವತ್ತನಾಲ್ಕಕ್ಕೆ ಹೋದಳು. ಏನಾಗಿತ್ತೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಆರು ಜನರಲ್ಲಿ ಯಾರಿಗೂ ಇರಲಿಲ್ಲ ಎಂದು ನಾನು ಬರೆದದ್ದನ್ನು ಅಳಿಸಬೇಡಿ, ಹಾಗೇ ಇರಲಿ. ಉತ್ತರವೂ ಕೆಳಗೆ ಇರಲಿ.

ನೀಲಿ ಕೊಡೆ

ನಿಮ್ಮನ್ನು ಹಾಗೆ ಕೇಳಿದ್ದಕ್ಕೆ ಕ್ಷಮೆ ಇರಲಿ, ಅಜ್ಜ.

ಹೆಜ್ಜೆ ಗೆಜ್ಜೆ

ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಭರತನಾಟ್ಯ ಕಲಿಸುತ್ತೇನೆ. ರಂಗಪ್ರವೇಶಕ್ಕೆ ಮೂರು ತಿಂಗಳಿರುವಾಗ ಹುಡುಗಿಯರಿಗೆ "ಸ್ವಲ್ಪ ಇಳಿಸಿಕೊಳ್ಳಿ, ಉಡುಪು ಹೊಂದಬೇಕಲ್ಲ" ಎಂದು ಎಷ್ಟು ಸಲ ಹೇಳಿದ್ದೇನೋ. ನನ್ನ ಗುರುಗಳು ನನಗೆ ಹೇಳಿದ್ದರು, ನಾನು ಅವರಿಗೆ ಹೇಳಿದೆ. ಇಬ್ಬರು ಶಿಷ್ಯೆಯರ ಮುಖ ಕಣ್ಣಮುಂದೆ ಬರುತ್ತಿದೆ. ಒಬ್ಬಳು ಅಭ್ಯಾಸದ ನಡುವೆ ಕುಸಿದಿದ್ದಳು, ಬಿಸಿಲಿಗೆ ಎಂದುಕೊಂಡಿದ್ದೆ. ನಾಳೆ ಅವಳ ಮನೆಗೆ ಹೋಗುತ್ತೇನೆ. ದರ್ಜಿಗೆ ಉಡುಪು ಬಿಚ್ಚಿ ಹೊಲಿಯಲು ಅರ್ಧ ದಿನ ಸಾಕು. ಆ ಮಾತನ್ನು ನಾನು ಆಡಬೇಕಾಗಿಯೇ ಇರಲಿಲ್ಲ.

ರೆಡಿಂಗ್ ಕನ್ನಡತಿ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಮೂಲ ಶಿವಮೊಗ್ಗ. ನನ್ನ ಮಗಳಿಗೆ ಹದಿನಾಲ್ಕರಲ್ಲಿ ಅನೋರೆಕ್ಸಿಯಾ ಬಂತು. ಇಲ್ಲಿಯೂ ಚಿಕಿತ್ಸೆಗೆ ತಿಂಗಳುಗಟ್ಟಲೆ ಕಾದೆವು, ವಿದೇಶದಲ್ಲಿ ಎಲ್ಲ ಸುಲಭ ಎಂದುಕೊಳ್ಳಬೇಡಿ.

ಮಕ್ಕಳು ಮತ್ತು ಹದಿಹರೆಯದವರಿಗೆ ಇಲ್ಲಿ ಮೊದಲು ಕೊಡುವುದು ಕುಟುಂಬ ಆಧರಿಸಿದ ಚಿಕಿತ್ಸೆ. ಅದರ ಬೇರು 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ನಡೆದ ಕೆಲಸ. ಅದಕ್ಕೆ ಮೊದಲು ಬಹುಕಾಲ ತಾಯಂದಿರನ್ನೇ ದೂರುತ್ತಿದ್ದರಂತೆ. ನಮಗೆ ಮೊದಲ ದಿನವೇ ಹೇಳಿದರು: "ಇದು ನಿಮ್ಮಿಂದ ಬಂದದ್ದಲ್ಲ, ಆದರೆ ಗುಣಪಡಿಸಲು ನೀವೇ ಬೇಕು." ಕೆಲವು ಕಾಲ ಏನು, ಎಷ್ಟು, ಯಾವಾಗ ಎಂಬುದನ್ನೆಲ್ಲ ಅಪ್ಪ ಅಮ್ಮನೇ ನಿರ್ಧರಿಸಬೇಕು. ಬಡಿಸಬೇಕು, ಪಕ್ಕದಲ್ಲಿ ಕೂರಬೇಕು, ಮುಗಿಯುವ ತನಕ ಏಳಬಾರದು. ಊಟವೇ ಔಷಧಿ. ತೂಕ ಸುಧಾರಿಸಿದಂತೆ ನಿರ್ಧಾರಗಳನ್ನು ಒಂದೊಂದಾಗಿ ಮಗುವಿಗೆ ಹಿಂತಿರುಗಿಸಬೇಕು.

ನನ್ನ ಅಮ್ಮ ಶಿವಮೊಗ್ಗದಿಂದ ಬಂದು ಆರು ತಿಂಗಳು ಇದ್ದರು. ಬಡಿಸುವುದು, ಕಾದು ಕೂರುವುದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ಹೇಳಿಕೊಡಬೇಕಾದದ್ದು ಸುಮ್ಮನಿರುವುದನ್ನು. "ಇಷ್ಟೇ ಸಾಕೇ?", "ನೋಡು ಕೆನ್ನೆ ತುಂಬಿಕೊಳ್ಳುತ್ತಿದೆ", "ಈಗ ಕಳೆ ಬಂತು" ಎನ್ನುವುದು ಬೇಡ ಎಂದು. ಕೆನ್ನೆ ತುಂಬಿದೆ ಎಂದ ದಿನ ಮಗಳು ರಾತ್ರಿ ಊಟ ಮುಟ್ಟಲಿಲ್ಲ. ಮೂರು ವರ್ಷ ಹಿಡಿಯಿತು. ಈಗ ಇಪ್ಪತ್ತೊಂದು, ಅವಳೇ ಅಡುಗೆ ಮಾಡಿ ಅವಳೇ ಉಣ್ಣುತ್ತಾಳೆ.

ನಿಮ್ಮ ತಂಗಿಗೆ ಹತ್ತೊಂಬತ್ತು. ದೊಡ್ಡವರಿಗೆ ಬೇರೆ ರೀತಿಯ ಚಿಕಿತ್ಸೆಗಳೂ ಇವೆ. ಯಾವುದು ಸರಿ ಎಂದು ವೈದ್ಯರನ್ನು ಕೇಳಿ. ಆದರೆ ಪಿ.ಜಿ.ಯಲ್ಲಿ ಒಬ್ಬಳೇ ಇದ್ದು ಇದರಿಂದ ಹೊರಬರುವುದು ಬಹಳ ಕಷ್ಟ.

ತುಮಕೂರು ಬೈಪಾಸ್

ಎಲ್ಲಿಗೆ ಹೋಗಬೇಕು ಎಂದು ಯಾರೂ ಬರೆದಿಲ್ಲ. ನನ್ನ ಅನುಭವದಿಂದ ಹೇಳುತ್ತೇನೆ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ನೇರವಾಗಿ ಹೋಗಬಹುದು, ಬೆಳಿಗ್ಗೆ ಬೇಗ ಹೋಗಿ. ದಾವಣಗೆರೆಯಲ್ಲೇ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಮನೋವೈದ್ಯ ವಿಭಾಗವಿದೆ. ಸಣ್ಣ ಊರಿನವರಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, ಯಾವ ವಾರ ಎಂದು ವಿಚಾರಿಸಿಕೊಂಡು ಹೋಗಿ.

ವಿಮೆ ಇದ್ದರೆ "ಮಾನಸಿಕ ಕಾಯಿಲೆಗೆ ಬರುವುದಿಲ್ಲ" ಎಂಬ ಮಾತನ್ನು ಒಪ್ಪಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಇರುವ ಆಧಾರದಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ನಾನು ಪತ್ರದಲ್ಲಿ ಕಲಂ ಸಂಖ್ಯೆ ಬರೆದ ಮೇಲೆ ದಾರಿಗೆ ಬಂದರು.

ದಾವಣಗೆರೆಯ ಅಕ್ಕ (ಹನ್ನೆರಡು ದಿನದ ನಂತರ)

ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರಿಸಲು ಆಗಲಿಲ್ಲ, ಮನ್ನಿಸಿ.

ಮೂಡುಬಿದಿರೆಯವರ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ನಮ್ಮ ಮನೆಯಲ್ಲಿ ಪಾರಣೆ ಎನ್ನುವುದಿಲ್ಲ, ಉಪವಾಸ ಬಿಡುವುದು ಎನ್ನುತ್ತೇವೆ. ಶಿವರಾತ್ರಿಯ ಮರುದಿನ ಬೆಳಿಗ್ಗೆ ಅಮ್ಮ ಲಿಂಗಪೂಜೆ ಮುಗಿಸಿ ಎಲ್ಲರಿಗೂ ಬಡಿಸಿ ಉಪವಾಸ ಬಿಡಿಸುತ್ತಾರೆ. ಕಳೆದ ವಾರ ಬುಧವಾರ ಅಮ್ಮ ಸೊಪ್ಪು ಬಿಡಿಸುತ್ತಾ ಕುಳಿತಿದ್ದಾಗ ಪಕ್ಕ ಕುಳಿತು ಹೇಳಿದೆ: "ಅಮ್ಮ, ಅವಳು ಒಂದು ಉಪವಾಸ ಹಿಡಿದಿದ್ದಾಳೆ. ಈಗ ಬಿಡಲು ಅವಳಿಗೆ ಬರುತ್ತಿಲ್ಲ. ಅದೇ ಕಾಯಿಲೆ."

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಸೊಪ್ಪು ಪೂರ್ತಿ ಬಿಡಿಸಿ ಮುಗಿಸಿದರು. ಆಮೇಲೆ "ಹಾಗಾದರೆ ನಾವೇ ಬಿಡಿಸಬೇಕು" ಎಂದರು. ಅಷ್ಟೇ. ಮರುದಿನ ಇಬ್ಬರೂ ಬೆಂಗಳೂರಿನ ಬಸ್ ಹತ್ತಿದೆವು.

ಪೊಟ್ಯಾಸಿಯಂ ಕಡಿಮೆ ಇತ್ತು, ನಾಡಿಬಡಿತ ನಿಧಾನವಿತ್ತು. ಐದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಮಂಗಳೂರಿನ ಅಕ್ಕ, ನೀವು ಹೇಳಿದಂತೆಯೇ ಬಹಳ ಸ್ವಲ್ಪದಿಂದ ಶುರು ಮಾಡಿದರು. ನಿಮ್ಮ ಮಾತು ಓದದಿದ್ದರೆ ಅಮ್ಮ ಬುಟ್ಟಿ ತುಂಬ ಹೋಳಿಗೆ ಒಯ್ಯುತ್ತಿದ್ದರು. ಕಾಲೇಜಿಗೆ ಒಂದು ಸೆಮಿಸ್ಟರ್ ರಜೆ ಬರೆದುಕೊಟ್ಟಿದ್ದೇವೆ. ಮೊನ್ನೆ ಊರಿಗೆ ಕರೆತಂದೆವು, ವಾರಕ್ಕೊಮ್ಮೆ ತೋರಿಸಬೇಕು. ಅತ್ತೆಗೆ ಬಾಗಿಲಲ್ಲೇ ಹೇಳಿದೆ, ಮೈಯ ಮಾತು ಈ ಮನೆಯಲ್ಲಿ ಇನ್ನು ಮೇಲೆ ಬೇಡ ಎಂದು. ಅವರಿಗೆ ಸಿಟ್ಟು ಬಂದಿದೆ. ಬರಲಿ.

ತಂಗಿ ಅಮ್ಮನ ಮೇಲೆ ಕೂಗಾಡುತ್ತಾಳೆ, ತಟ್ಟೆ ತಳ್ಳುತ್ತಾಳೆ. ನಿನ್ನೆ "ನೀವೆಲ್ಲ ಸೇರಿ ನನ್ನನ್ನು ಸಾಯಿಸುತ್ತಿದ್ದೀರಿ" ಎಂದಳು. ರೆಡಿಂಗ್ ಅಕ್ಕ, ಆ ಹೊತ್ತಿನಲ್ಲಿ ಏನು ಹೇಳುತ್ತಿದ್ದಿರಿ?

ರೆಡಿಂಗ್ ಕನ್ನಡತಿ

ಬಹಳ ಕಡಿಮೆ ಹೇಳುತ್ತಿದ್ದೆ. "ಗೊತ್ತು ಕಂದ, ಕಷ್ಟ. ನಾನು ಇಲ್ಲೇ ಇದ್ದೇನೆ. ಇನ್ನೊಂದು ತುತ್ತು." ವಾದ ಮಾಡಬೇಡಿ, 'ಅಮ್ಮನಿಗಾಗಿ ತಿನ್ನು' ಎನ್ನಬೇಡಿ. ನನ್ನ ಅಮ್ಮ ಊಟದ ಹೊತ್ತಿನಲ್ಲಿ ಊರಿನ ಕಥೆ ಹೇಳುತ್ತಿದ್ದರು, ತುಂಗೆಗೆ ಪ್ರವಾಹ ಬಂದದ್ದು, ಪಕ್ಕದ ಮನೆಯ ಎಮ್ಮೆ ಕಳೆದುಹೋದದ್ದು. ಕಥೆ ಕೇಳುತ್ತಾ ಕೈ ತಾನೇ ಹೋಗುತ್ತಿತ್ತು. ಕೂಗುವುದು ನಿಮ್ಮ ತಂಗಿಯಲ್ಲ, ಭಯ ಎಂದು ತಿಳಿಯಿರಿ. ಅಮ್ಮನಿಗೆ ಮಧ್ಯೆ ಮಧ್ಯೆ ವಿಶ್ರಾಂತಿ ಕೊಡಿ, ಒಂದು ಹೊತ್ತು ನೀವು ಕೂರಿ.

ಧಾರವಾಡದ ಗರಡಿ

ಊಟವಾದ ಮೇಲೆ ಒಂದು ಗಂಟೆ ಅವಳನ್ನು ಒಬ್ಬಳೇ ಬಿಡಬೇಡಿ. ಯಾಕೆಂದು ಕೇಳಬೇಡಿ. ಚೌಕಾಬಾರ ಆಡಿ, ಏನಾದರೂ ಮಾಡಿ.

ಹಳೇಬೇರು

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ದಾವಣಗೆರೆಯ ಅಕ್ಕ

ತಿಳಿಸಿದೆ ಅಜ್ಜ. ಈ ರಾತ್ರಿ ಒಂದು ಗಂಟೆ ಹತ್ತು ನಿಮಿಷ ಕುಳಿತಿದ್ದೆವು. ಅಜ್ಜಿ ತಮ್ಮ ಮದುವೆಯ ದಿಬ್ಬಣದ ಎತ್ತಿನ ಗಾಡಿ ಮಗುಚಿದ ಕಥೆ ಹೇಳಿದರು. ಮೊಸರನ್ನ ಮುಕ್ಕಾಲು ಮುಗಿಯಿತು. ಈಗ ಇಬ್ಬರೂ ಚೌಕಾಬಾರ ಆಡುತ್ತಿದ್ದಾರೆ. ಬೆಳಿಗ್ಗೆ ಎಂಟಕ್ಕೆ ತಿಂಡಿ, ನನ್ನ ಸರದಿ.